ಪಿಜಿನಬರೆ ಹತ್ತಿದ ಖತೀಜಮ್ಮ

ನೋಣಯ್ಯ ಖತೀಜಮ್ಮನನ್ನು ಮೊದಲು ಕಂಡದ್ದು ಒಂದು ಆಟಿ ತಿಂಗಳ ಮಧ್ಯಾಹ್ನ, ತುಂಬಿದ ಹೊಳೆಯ ಈಚೆ ದಡದಲ್ಲಿ ನಿಂತುಕೊಂಡು. ಆಗ ಜಿಲ್ಲೆ ಇನ್ನೂ ಮದರಾಸಿಗೆ ಸೇರಿತ್ತು. ಅದೇ ವರ್ಷದ ಕೊನೆಗೆ ಮೈಸೂರಿಗೆ ಬಂತು. ಬೆಳಗ್ಗಿನಿಂದ ಹೊಯ್ದ ಮಳೆ ಸ್ವಲ್ಪ ಬಿಟ್ಟಿತ್ತು. ಗುಡ್ಡದ ಕಡೆಯಿಂದ ಮಂಜು ಇಳಿದು ನೀರಿನ ಮೇಲೆ ಸರಿಯುತ್ತಿತ್ತು. ಆಚೆ ದಡದ ಎತ್ತರದಲ್ಲಿ ಒಂದು ಹುಲ್ಲಿನ ಮನೆ, ಅದರ ಅಂಗಳದಲ್ಲಿ ಒಬ್ಬಳು ಹೆಂಗಸು. ತಲೆಗೆ ಬಿಳಿ ವಸ್ತ್ರ, ಮೈಗೆ ಮಾಸಿದ ಉದ್ದ ತೋಳಿನ ಕುಪ್ಪಾಯ. ಅವಳು ಮಾಡಿನ ಅಡಿಯಿಂದ ಕಟ್ಟಿಗೆಯ ತುಂಡುಗಳನ್ನು ಒಂದೊಂದಾಗಿ ಎತ್ತಿ, ಮೂಸಿ ನೋಡಿ, ಒಣಗಿದ್ದನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕಟ್ಟಿಗೆಯನ್ನು ಮೂಸುವವರನ್ನು ನೋಣಯ್ಯ ಅದುವರೆಗೆ ಕಂಡಿರಲಿಲ್ಲ.

ಅವನು ಬಾಯಿಗೆ ಕೈ ಅಡ್ಡ ಹಿಡಿದು ಎರಡು ಸಲ ಕೂ ಹಾಕಿದ.

ಹೆಂಗಸು ನೆಟ್ಟಗಾದಳು. ಹೊಳೆಯ ಕಡೆ ನೋಡಿದಳು. ನೋಣಯ್ಯನ ಎದೆ ಹಗುರವಾಯಿತು. ಆದರೆ ಅವಳು ಕಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನ ಹೆಂಡತಿ ವಿನೋದಾ ಗುಡ್ಡದ ಮೇಲೆ ಹಿಂದಿನ ಸಂಜೆಯಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಚೊಚ್ಚಲ ಬಸುರಿ. ಅವರ ಊರು ಎಲ್ಯಮಲೆಯ ಮಕ್ಕಳನ್ನೆಲ್ಲ ಹಿಡಿದೆತ್ತಿದ ಮುದುಕಿ ಆ ಬೇಸಗೆಯಲ್ಲೇ ತೀರಿಹೋಗಿದ್ದಳು. ಬೆಳಗ್ಗೆ ನೋಣಯ್ಯನ ತಾಯಿ ಸೇಸಮ್ಮ ಸೊಸೆಯ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದು, ಮಗು ಅಡ್ಡ ಉಂಟು, ಇದು ತನ್ನ ಕೈಯಲ್ಲಿ ಆಗುವುದಲ್ಲ ಎಂದಳು. ಹೊಳೆಯಾಚೆಯ ಬ್ಯಾರ್ದಿಯ, ಅಂದರೆ ಬ್ಯಾರಿ ಮುಸ್ಲಿಂ ಹೆಂಗಸಿನ, ಕೈಯಲ್ಲಿ ಅಡ್ಡ ಇದ್ದ ಮಕ್ಕಳೂ ತಿರುಗುತ್ತವೆ ಎಂದು ಕಟ್ಟಿಗೆ ಮಾರಲು ಹೋದವರು ಹೇಳಿದ್ದು ಅವಳಿಗೆ ನೆನಪಿತ್ತು. ನೋಣಯ್ಯ ಮಳೆಗೆ ಎಲೆಯಿಂದ ಹೆಣೆದ ಗೊರಬೆ ಹೊದ್ದುಕೊಂಡು ಓಡಿ ಇಳಿದಿದ್ದ.

ಬೆಳ್ತಂಗಡಿಯಿಂದ ಮೂಡಕ್ಕೆ ಹೋದರೆ ಘಟ್ಟ ಏಳುವಲ್ಲಿ ಪಿಜಿನಬರೆ ಎಂಬ ಗುಡ್ಡ ಸಿಗುತ್ತದೆ. ಹತ್ತಿರದ ಗಡಾಯಿಕಲ್ಲಿಗೆ ಹೆಸರುಂಟು, ಕೋಟೆಯುಂಟು, ನೋಡಲು ಬರುವವರೂ ಇದ್ದಾರೆ. ಪಿಜಿನಬರೆಗೆ ಅಂಥದ್ದೇನೂ ಇಲ್ಲ. ಕೋಟೆ ಇಲ್ಲ, ಗುಡಿ ಇಲ್ಲ, ದೂರದಿಂದ ಬೆರಳು ಮಾಡಿ ತೋರಿಸುವಂಥ ತುದಿಯೂ ಇಲ್ಲ. ಅದರ ಹೆಗಲು ದಾಟಿ ಹಿಂಬದಿಗೆ ಇಳಿದರೆ ಎಲ್ಯಮಲೆಯ ನಾಲ್ಕಾರು ಮನೆಗಳು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಕಣಿವೆ ಇಳಿದು ಹತ್ತಬೇಕು. ಹಾಗಾಗಿ ಅಲ್ಲಿಯವರು ಕಾಲಿಗಿಂತ ಹೆಚ್ಚು ಗಂಟಲಿನಿಂದ ಬದುಕುತ್ತಿದ್ದರು. ಒಂದು ಕೂ ಅಂದರೆ, ನಾನಿದ್ದೇನೆ, ಎಲ್ಲ ಸರಿ ಉಂಟು. ಎರಡು ಕೂ ಅಂದರೆ, ಬಾ, ಕೆಲಸವುಂಟು. ಮೂರು ಕೂ ಸಾವಿಗೆ ಮಾತ್ರ. ಮೂರು ಕೇಳಿದವನು, ಸತ್ತವರು ಯಾರು ಎಂದು ಗೊತ್ತಿಲ್ಲದಿದ್ದರೂ, ನಿಂತಲ್ಲಿಂದಲೇ ಮತ್ತೆ ಮೂರು ಹಾಕಿ ಮುಂದಿನವನಿಗೆ ದಾಟಿಸಬೇಕು. ಸುದ್ದಿ ಹಾಗೆಯೇ ಗುಡ್ಡ ಸುತ್ತುತ್ತಿತ್ತು.

ನೋಣಯ್ಯ ಹೊಳೆಯ ಬದಿಯಲ್ಲಿ ಮತ್ತೆ ಎರಡು ಸಲ ಕರೆದ. ಸ್ವಲ್ಪ ತಡೆದು ಇನ್ನೊಮ್ಮೆ ಎರಡು ಸಲ. ಬಾಗಿಲು ತೆರೆಯಲಿಲ್ಲ. ಮಾತಿನಲ್ಲಿ ಕೂಗಿದರೆ ನೀರಿನ ಸದ್ದು ಅದನ್ನು ಅಲ್ಲೇ ನುಂಗುತ್ತಿತ್ತು. ಮಳೆಗಾಲದಲ್ಲಿ ಹೊಳೆ ಕೊಚ್ಚಿಕೊಂಡು ಹೋಗದ ಹಾಗೆ ಊರಿನವರು ಸಂಕವನ್ನು, ಅಂದರೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಆ ಕಾಲುದಾರಿಯನ್ನು, ಆಚೆ ದಡಕ್ಕೆ ಎಳೆದಿಟ್ಟಿದ್ದರು. ಆಚೆಯಿಂದ ಯಾರಾದರೂ ಹಗ್ಗ ಎಸೆದರೆ ಈಚೆಯವರು ಎಳೆದುಕೊಳ್ಳಬಹುದು. ಎಸೆಯುವವರಿಲ್ಲದಿದ್ದರೆ ಹೊಳೆ ಹೊಳೆಯೇ. ಅವನು ಗೊರಬೆ ಕಳಚಿ ಬೀಸಿದ. ಬೀಸಿದ್ದನ್ನು ನೋಡಲು ಅಂಗಳದಲ್ಲಿ ಯಾರೂ ಇರಲಿಲ್ಲ.

ಬರುವ ಮನಸ್ಸಿಲ್ಲದ ಹೆಂಗಸು ಎಂದುಕೊಂಡ. ಗುಡ್ಡದವರ ಮನೆಯಲ್ಲಿ ಏನು ಸಿಗುತ್ತದೆ ಎಂದು ಬಾಗಿಲು ಹಾಕಿಕೊಂಡಳು ಎಂದುಕೊಂಡ. ಸಿಟ್ಟು ಬಂತು, ಅಳುವೂ ಬಂತು. ಮಂಜು ದಪ್ಪವಾಗುತ್ತ ಮನೆಯ ಮಾಡು ಮಸುಕಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಅದೂ ಕಾಣುವುದಿಲ್ಲ ಎಂದಾಗ ಅವನ ಹಿಡಿತ ತಪ್ಪಿತು. ಎರಡು ಕೂ ಹಾಕಿದವನ ಬಾಯಿಂದ ಮೂರನೆಯದೂ ಹೊರಟಿತು.

ಬಾಗಿಲು ತಟ್ಟನೆ ತೆರೆಯಿತು. ಹೆಂಗಸು ಉಟ್ಟ ಬಟ್ಟೆಯ ಅಂಚು ಸಿಕ್ಕಿಸಿಕೊಂಡು ದಡಕ್ಕೆ ಓಡಿ ಬಂದಳು. ಕೇಳಿದ್ದೂ ಇಲ್ಲ, ಹೇಳಿದ್ದೂ ಇಲ್ಲ, ಹಗ್ಗ ಎಸೆದಳು. ನೋಣಯ್ಯ ಸಂಕ ಎಳೆದು ಕಲ್ಲಿನ ಸಂದಿಗೆ ಕೂರಿಸಿ, ದಾಟಿ ಹೋಗಿ, ಹೆಂಡತಿಗೆ ಹೆರಿಗೆ ನೋವು, ಮಗು ಅಡ್ಡ, ಎಂದು ಒಂದೇ ಉಸಿರಿನಲ್ಲಿ ಹೇಳಿದ. ಅವಳು ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದಳು. ಅದರಲ್ಲಿ ಹಳೆಯ ಮೆತ್ತನೆಯ ವಸ್ತ್ರ, ತೆಂಗಿನೆಣ್ಣೆಯ ಕುಪ್ಪಿ, ಓಮ, ಕರಿಮೆಣಸು, ನೂಲು, ಒಂದು ಸಣ್ಣ ಕತ್ತಿ. ಎಲ್ಲ ಕಟ್ಟಿಯೇ ಇತ್ತು.

"ಮೂರನೇ ಸಲಕ್ಕೆ ಬಾಯಿ ಬಂತಾ ನಿನಗೆ?" ಎಂದು ಅವಳು ಸಂಕದ ಮೇಲೆ ಕಾಲಿಡುತ್ತ ಕೇಳಿದಳು. ನೋಣಯ್ಯ ಸಂಕವನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ತಾನು ಬದುಕಿರುವ ಹೆಂಡತಿಗೆ ಮೂರು ಕೂ ಹಾಕಿದೆ ಎಂಬುದು ಅವನಿಗೆ ಆಗಷ್ಟೇ ತಿಳಿದಿತ್ತು.

ಖತೀಜಮ್ಮ ಆವರೆಗೆ ಪಿಜಿನಬರೆ ಹತ್ತಿದವಳಲ್ಲ. ಹೊಳೆಯ ಆಚೆಯವರಿಗೆ ಆ ಗುಡ್ಡದಲ್ಲಿ ಕೆಲಸವಿರಲಿಲ್ಲ. ಅವಳ ಗಂಡ ಬದುಕಿದ್ದಾಗ ಪಾಣೆಮಂಗಳೂರಿನಿಂದ ಒಣಮೀನು ತಂದು ಬೆಳ್ತಂಗಡಿಯ ಸುತ್ತ ಹೊತ್ತು ಮಾರುತ್ತಿದ್ದ. ಹೆರಿಗೆಯ ಕೆಲಸ ಅವಳಿಗೆ ಅತ್ತೆಯಿಂದ ಬಂದದ್ದು. ಜೈನ ಧಣಿಗಳ ಬೀಡಿನ ಮನೆಗೂ ಹೋಗುತ್ತಿದ್ದಳು, ಒಕ್ಕಲಿನ ಗುಡಿಸಲಿಗೂ ಹೋಗುತ್ತಿದ್ದಳು. ಆದರೆ ಎಲ್ಲ ಗದ್ದೆಬದುವಿನ ದಾರಿ. ಈ ದಾರಿ ಹಾಗಲ್ಲ. ಮೊದಲು ಕೆಂಪು ಜಾರು ಮಣ್ಣು, ಕೇಪಳ, ನೆಕ್ಕರೆಯ ಪೊದೆಗಳು. ಅದು ಮುಗಿದ ಮೇಲೆ ಬಿದಿರು. ಬಿದಿರು ದಾಟಿದರೆ ಎದೆಯೆತ್ತರದ ಮುಳಿಹುಲ್ಲು, ನಡುನಡುವೆ ನೀರು ಹರಿಯುವ ಕರಿಬಂಡೆ. ಎಲ್ಲಿ ನಿಂತರೂ ರಕ್ತ ಹೀರುವ ಇಂಬಳ ಕಾಲಿಗೆ ಏರುತ್ತಿತ್ತು. ಅವಳು ಹೊಗೆಸೊಪ್ಪು ಸುಣ್ಣ ತಿಕ್ಕಿಕೊಂಡು, ಉಸಿರು ಕಟ್ಟುತ್ತಿದ್ದರೂ ನಿಲ್ಲದೆ ಹತ್ತಿದಳು.

ಹತ್ತುತ್ತ ಹತ್ತುತ್ತ ಒಂದು ವಿಷಯ ಅವಳ ಗಮನಕ್ಕೆ ಬಂತು. ಓಡಿ ಬಂದವನು ಮನೆಗೆ ಮರಳುವಾಗ ನಿಧಾನವಾಗುತ್ತಿದ್ದ. ಬಿದಿರಿನ ತನಕ ಮುಂದೆ ಇದ್ದವನು ಹುಲ್ಲಿಗೆ ಬಂದಾಗ ಅವಳ ಪಕ್ಕದಲ್ಲೇ ಇದ್ದ.

"ಎಂಥ ಮಾರಾಯ, ನಾನು ಹೆಂಗಸು, ನಾನೇ ಹತ್ತುತ್ತೇನೆ. ನಿನ್ನ ಕಾಲಿಗೆ ಎಂಥ ಆದದ್ದು?"

ನೋಣಯ್ಯ ಬಂಡೆಯ ಮೇಲೆ ನಿಂತ. ಮೇಲೆ ಹೋಗಲು ಭಯವಾಗುತ್ತದೆ ಎಂದ. ಮೂರು ಕರೆದರೆ ನಮ್ಮಲ್ಲಿ ಏನು ಅರ್ಥ ಎಂದು ಹೇಳಿದ. ಹೆಂಡತಿಯನ್ನು ತನ್ನ ಬಾಯಿಂದಲೇ ಕಳಿಸಿಬಿಟ್ಟ ಹಾಗೆ ಆಗಿದೆ, ಇನ್ನು ಅಲ್ಲಿ ಏನು ನೋಡಬೇಕೋ, ಎಂದ.

 ಖತೀಜಮ್ಮ ಗಂಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನೀನು ಎರಡು ಕರೆದಾಗಲೇ ನನಗೆ ಕೇಳಿತ್ತು," ಎಂದಳು. "ನಮ್ಮಲ್ಲಿ ಆಟಿಯಲ್ಲಿ ಗುಡ್ಡದಿಂದ ಕರೆ ಬಂದರೆ ಮೂರಾಗದೆ ಓಗೊಡುವುದಿಲ್ಲ. ಎರಡು ಕರೆದು ನಿಲ್ಲಿಸುವುದು ಮನುಷ್ಯರಲ್ಲ ಅಂತ. ಅತ್ತೆ ಹೇಳುತ್ತಿದ್ದಳು. ಆಚೆ ನೋಡಿದರೆ ಮನುಷ್ಯರು ಕಾಣಲಿಲ್ಲ, ಒಂದು ಪೊದೆ ಕಂಡಿತು. ನಾನು ಒಳಗೆ ಕೂತು ಮೂರನೆಯದಕ್ಕೇ ಕಾಯುತ್ತಿದ್ದೆ. ಬರಲಿಲ್ಲ. ಪ್ರತಿ ಸಲವೂ ಎರಡೇ."

ಗೊರಬೆ ಹೊದ್ದು ನಿಂತವನು ದೂರಕ್ಕೆ ಪೊದೆಯೇ.  ಅವರಿಬ್ಬರೂ ಹೊಳೆಯ ಒಂದೊಂದು ಬದಿಯಲ್ಲಿ, ಹಿರಿಯರು ಹೇಳಿಕೊಟ್ಟದ್ದನ್ನು ತಪ್ಪದೆ ಪಾಲಿಸುತ್ತ, ಅರ್ಧ ಮಧ್ಯಾಹ್ನ ಕಳೆದಿದ್ದರು.

ಆಗ ಮೇಲಿನಿಂದ, ಮಂಜಿನ ಒಳಗಿನಿಂದ, ಒಂದು ಕೂ ಕೇಳಿತು. ಅದರ ಬೆನ್ನಿಗೆ ಎರಡನೆಯದು. ಆಮೇಲೆ ಮೂರನೆಯದು.

ಅದು ನೆರೆಮನೆಯ ಲೋಕಯ್ಯನ ಗಂಟಲು. ಬೆಳಗ್ಗಿನಿಂದ ಅಡುಗೆಯ ಕಣಿಲೆಗೆ ಎಳೆ ಬಿದಿರು ಕಡಿಯಲು ಬಂದಿದ್ದವನು, ಕೆಳಗಿನ ಮೂರು ಕೂ ಕೇಳಿ, ಮಂಜಿನಲ್ಲಿ ಯಾರೆಂದು ತಿಳಿಯದೆ, ಗುಡ್ಡದ ಹೆಗಲಿಗೆ ಹತ್ತಿ ನಿಂತು ಎಲ್ಯಮಲೆಗೆ ದಾಟಿಸುತ್ತಿದ್ದ. ಮಾಡಬೇಕಾದ್ದನ್ನೇ ಮಾಡುತ್ತಿದ್ದ. ನೋಣಯ್ಯ ಅವನ ಹೆಸರು ಹಿಡಿದು ಕಿರುಚಿದ. ಗಾಳಿ ಕೆಳಮುಖವಾಗಿತ್ತು. ದಾಟಿದ ಕರೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಗುಡ್ಡದವರಲ್ಲಿ ಬೇರೆ ಕರೆ ಇರಲಿಲ್ಲ. ಅಂಥದ್ದು ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಹೆಗಲಿನ ಆಚೆ ನೋಣಯ್ಯನ ಮನೆಯಿತ್ತು. ಆ ದಿನ ಎಲ್ಯಮಲೆಯಿಂದ ಹೊಳೆಗೆ ಇಳಿದವನು ಅವನೊಬ್ಬನೇ. ತುಂಬಿದ ಹೊಳೆಯ ಕಡೆಯಿಂದ ಮೂರು ಕೂ ಬಂದರೆ ಸೇಸಮ್ಮನಿಗೂ ವಿನೋದಾಳಿಗೂ ಯಾರು ಹೋದರೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ನೋಣಯ್ಯನಿಗೆ ಈಗ ಓಡಬೇಕಿತ್ತು. ಆದರೆ ದಾರಿ ಗೊತ್ತಿಲ್ಲದ ಹೆಂಗಸನ್ನು ಆ ಮಂಜಿನಲ್ಲಿ ಬಿಟ್ಟು ಓಡಿದರೆ ಅವಳು ಮನೆ ಸೇರುವುದೇ ಸಂಶಯ. ದನಗಳ ದಾರಿ, ಕಣಿಲೆಯವರ ದಾರಿ, ಬೆತ್ತ ಕಡಿಯುವವರ ದಾರಿ ಎಂದು ಹುಲ್ಲಿನಲ್ಲಿ ಎಲ್ಲೆಂದರಲ್ಲಿ ಕವಲುಗಳಿದ್ದವು. ಅವಳಿಲ್ಲದೆ ಅವನೊಬ್ಬನೇ ಹೋಗಿ ಮಾಡುವುದಾದರೂ ಏನು? ಅವಳ ಜೊತೆ ನಿಧಾನಕ್ಕೆ ಹೋದರೆ, ಹೆರುವ ನೋವಿನಲ್ಲಿರುವವಳು ಅಷ್ಟು ಹೊತ್ತು ಗಂಡ ಸತ್ತನೆಂದು ನಂಬಿಕೊಂಡು ಮಲಗಿರಬೇಕು.

ಅವನು ನಿಂತದ್ದು ನೋಡಿ ಖತೀಜಮ್ಮ ಕೇಳಿದಳು, ಏನು ಎಂದು. ಅವನು ಹೇಳಿದ.

"ಓಡು," ಎಂದಳು ಅವಳು. "ನಿನ್ನ ಮುಖ ತೋರಿಸು ಅವಳಿಗೆ. ನನಗೆ ದಾರಿಗೆ ಏನಾದರೂ ಗುರುತು ಹಾಕಿ ಹೋಗು, ಬರುತ್ತೇನೆ."

ಗುಡ್ಡದಲ್ಲಿ ಅದಕ್ಕೂ ಒಂದು ಕ್ರಮವಿತ್ತು. ಮುಂದೆ ಹೋದವರು ಹಿಂದೆ ಬರುವವರಿಗಾಗಿ, ಹೋಗಬಾರದ ಕವಲಿಗೆ ಹಸಿ ಕೊಂಬೆ ಮುರಿದು ಅಡ್ಡ ಹಾಕುತ್ತಾರೆ. ಸೊಪ್ಪು ಬಿದ್ದಿರುವ ಕಡೆ ಹೋಗಬೇಡಿ, ಬರಿದಾಗಿರುವುದೇ ದಾರಿ ಎಂದು ಎರಡು ಸಲ ಹೇಳಿ ನೋಣಯ್ಯ ಓಡಿದ. ಹುಲ್ಲಿನ ಅಂಚಿಗೆ ಅಂಗೈ ಕುಯ್ದುಕೊಂಡಿತು. ಪ್ರತಿ ಕವಲಿನಲ್ಲೂ ನಿಂತು ನೆಕ್ಕರೆಯ ಕೊಂಬೆಯನ್ನು ಎರಡೂ ಕೈಯಿಂದ ತಿರುಚಿ ಮುರಿದ. ಹಸಿ ಕೊಂಬೆ ಬೇಗ ಬಿಡುವುದಿಲ್ಲ. ಒಂದೊಂದು ಕೊಂಬೆಯ ಹತ್ತಿರವೂ, ಇಷ್ಟು ಹೊತ್ತಿಗೆ ಮನೆ ಸೇರಬಹುದಿತ್ತು ಎನಿಸುತ್ತಿತ್ತು.

ಅವನು ಅಂಗಳಕ್ಕೆ ಕಾಲಿಟ್ಟಾಗ ಸೇಸಮ್ಮ ನೆಲಕ್ಕೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಮಗನನ್ನು ಕಂಡವಳು ಕೈ ನಿಲ್ಲಿಸಿದಳು, ಆದರೆ ಬಾಯಿ ಮುಚ್ಚಲಿಲ್ಲ. ಅವನು ಅವಳನ್ನು ದಾಟಿ ಒಳಗೆ ಹೋದ. ವಿನೋದಾ, ಹೆರುವಾಗ ಹಿಡಿದುಕೊಳ್ಳಲು ಮಾಡಿನ ಪಕಾಸಿನ ಮರಕ್ಕೆ ಕಟ್ಟಿದ ಹಗ್ಗವನ್ನು ಬಿಟ್ಟು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಳುತ್ತಿರಲಿಲ್ಲ. ನೋವು ಬಂದಾಗ ತಿಣುಕುತ್ತಲೂ ಇರಲಿಲ್ಲ. ಅವನು ಹೆಸರು ಹಿಡಿದು ಕರೆದ ಮೇಲೆ ತಿರುಗಿ ಅವನನ್ನು ತುಂಬ ಹೊತ್ತು ನೋಡಿದಳು.

"ನೀವು ಹೋದಿರಿ ಅಂದರು," ಎಂದಳು. "ನಾನು ಹಗ್ಗ ಬಿಟ್ಟುಬಿಟ್ಟೆ."

ಖತೀಜಮ್ಮ ಬಂದು ಸೇರುವಾಗ ಬೆಳಕು ಕುಂದುತ್ತಿತ್ತು. ಬಂಡೆಯ ಮೇಲೆ ಜಾರಿ ಒಂದು ಮೊಣಕಾಲು ಒಡೆದಿತ್ತು, ತಲೆಯ ವಸ್ತ್ರ ಎಲ್ಲೋ ಮುಳ್ಳಿಗೆ ಸಿಕ್ಕಿ ಹೋಗಿತ್ತು. ಒಂದು ಕಡೆ ಗಾಳಿ ಕೊಂಬೆಯನ್ನು ಹಾರಿಸಿ ಎರಡು ಕವಲೂ ಬರಿದಾಗಿ ಕಂಡವಂತೆ. ಕೂತು, ಹುಲ್ಲು ಯಾವ ಕಡೆಗೆ ಹೊಸದಾಗಿ ಬಾಗಿದೆ ಎಂದು ಕೈಯಿಂದ ತಡವಿ ನೋಡಿ ಬಂದೆ ಎಂದು ಆಮೇಲೆ ಹೇಳಿದಳು. ಬಂದವಳು ನೀರು ಸಹ ಕೇಳದೆ ಕೈ ತೊಳೆದುಕೊಂಡು ಒಳಗೆ ಹೋದಳು. ಮಗುವನ್ನು ತಿರುಗಿಸಿದಳು. ಅದು ಹುಟ್ಟಿತು. ಗಂಡು. ಅಳಲಿಲ್ಲ. ಖತೀಜಮ್ಮ ಅದರ ಬಾಯಿಗೆ ಬಾಯಿಟ್ಟು ಊದಿದಳು, ಬೆನ್ನು ತಟ್ಟಿದಳು, ಬಿಸಿ ಬಟ್ಟೆಯಲ್ಲಿ ಸುತ್ತಿ ಉಜ್ಜಿದಳು. ಕೊನೆಗೆ ಅದನ್ನು ಸೇಸಮ್ಮನ ಕೈಗೆ ಕೊಟ್ಟು, ತಾಯಿಯ ಕಡೆಗೆ ತಿರುಗಿದಳು. ವಿನೋದಾಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅದು ನಿಲ್ಲುವವರೆಗೂ ಅವಳ ಹೊಟ್ಟೆಯ ಮೇಲಿನ ಕೈಯನ್ನು ಖತೀಜಮ್ಮ ತೆಗೆಯಲಿಲ್ಲ.

ಮಗು ಯಾವುದರಿಂದ ಹೋಯಿತೆಂದು ಯಾರೂ ಹೇಳಲಾರರು. ಹೊಳೆಯ ಬದಿಯಲ್ಲಿ ಕಳೆದ ಹೊತ್ತಿನಿಂದ ಇರಬಹುದು. ವಿನೋದಾ ಹಗ್ಗ ಬಿಟ್ಟದ್ದರಿಂದ ಇರಬಹುದು. ಎರಡೂ ಇಲ್ಲದಿದ್ದರೂ ಉಳಿಯುತ್ತಿರಲಿಲ್ಲವೋ ಏನೋ. ಲೋಕಯ್ಯ ಬಂದು ಕೈ ಕಟ್ಟಿ ನಿಂತ. ಯಾರೂ ಅವನನ್ನು ಬೈಯಲಿಲ್ಲ. ಅವನೂ ನೋಣಯ್ಯನೂ ಸೇರಿ ಮನೆಯ ಮೇಲಿನ ಬರೆಯ ಇಳಿಜಾರಿನಲ್ಲಿ ಮಣ್ಣು ತೋಡಿದರು.

ಸೇಸಮ್ಮನಿಗೆ ಮಾತ್ರ ಸಿಟ್ಟನ್ನು ಇಡಲು ಒಂದು ಜಾಗ ಬೇಕಿತ್ತು. ಆ ಬ್ಯಾರ್ದಿಯ ಮನೆಯ ಎದುರು ತಾನೇ ಮಗನ ಬಾಯಿಂದ ಮೂರನೆಯ ಕೂ ಬಂದದ್ದು, ಇನ್ನು ಮುಂದೆ ಅವಳನ್ನು ಈ ಅಂಗಳಕ್ಕೆ ಕರೆಯಬಾರದು ಎಂದಳು. ಮರುದಿನ ಖತೀಜಮ್ಮ ಹೊರಡುವಾಗ ಅವಳಿಗೆ ಕೇಳುವಂತೆಯೇ ಹೇಳಿದಳು. ಖತೀಜಮ್ಮ ಜಗಲಿಯಲ್ಲಿ ಕೂತು ಮೊಣಕಾಲಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಕಟ್ಟಿ ಮುಗಿಸಿ ಎದ್ದಳು. ನೋಣಯ್ಯ ಹೊಳೆಯ ತನಕ ಹೋಗಿ ಬಿಟ್ಟು ಬಂದ. ದಾರಿಯುದ್ದಕ್ಕೂ, ಹಿಂದಿನ ದಿನ ಅವನು ಮುರಿದು ಹಾಕಿದ ಕೊಂಬೆಗಳು ಬಾಡಿ ಬಿದ್ದಿದ್ದವು. ಅವಳು ಒಂದೊಂದನ್ನೂ ದಾಟುವಾಗ ಅದನ್ನು ಎತ್ತಿ ಬದಿಗೆ ಎಸೆಯುತ್ತ ನಡೆದಳು.

ಮಳೆಗಾಲ ಮುಗಿದು ಹುಲ್ಲು ಹಳದಿಯಾಗುವ ಹೊತ್ತಿಗೆ ನೋಣಯ್ಯ ಒಂದು ಬೆಳಗ್ಗೆ ಅಂಗಳದ ಬದಿಯಲ್ಲಿ ನಿಂತು ಮೇಲೆ ನೋಡಿದ. ಗುಡ್ಡದ ಹೆಗಲಿನ ಮೇಲೆ ಬಿಳಿ ವಸ್ತ್ರವೊಂದು ಕಾಣಿಸಿಕೊಂಡಿತು. ಜೊತೆಗೆ ಯಾರೂ ಇರಲಿಲ್ಲ. ಖತೀಜಮ್ಮ ಕೋಲೂರಿಕೊಂಡು, ಎಲ್ಲೂ ದಾರಿ ತಪ್ಪದೆ ಇಳಿದು ಬಂದಳು. ಎಣ್ಣೆಯ ಕುಪ್ಪಿ ತಂದಿದ್ದಳು. ವಿನೋದಾಳ ಸೊಂಟ ನೋಡಬೇಕು, ಆಗ ಸರಿಯಾಗಿ ಕಟ್ಟಲು ಆಗಿರಲಿಲ್ಲ, ಎಂದಳು.

"ಎರಡು ಕರೆದರೆ ಕೇಳದವಳು ಈಗ ಕರೆಯದೇ ಬಂದಳಲ್ಲ," ಎಂದು ಸೇಸಮ್ಮ ಒಲೆಯ ಮುಂದಿನಿಂದಲೇ ಹೇಳಿದಳು.

"ಹೌದು ಸೇಸಮ್ಮ," ಎಂದಳು ಖತೀಜಮ್ಮ. "ಕರೆಯುವ ತನಕ ಕಾದದ್ದು ಸಾಕು ಅಂತ ಬಂದೆ."

 ಎಣ್ಣೆ ಬಿಸಿ ಮಾಡಲು ಕೆಂಡ ಕೇಳಿದಾಗ ಸೇಸಮ್ಮ ಕೊಟ್ಟಳು, ಮುಖ ತಿರುಗಿಸಿಕೊಂಡೇ. ಖತೀಜಮ್ಮ ವಿನೋದಾಳ ಮೈಗೆ ಎಣ್ಣೆ ಹಚ್ಚುತ್ತ ಹಚ್ಚುತ್ತ, ಊರಿನ ಮಾತು, ಒಣಮೀನಿನ ಮಾತು, ತನ್ನ ಗಂಡ ಎಷ್ಟು ಗೊರಕೆ ಹೊಡೆಯುತ್ತಿದ್ದ ಎಂಬ ಮಾತು ಆಡಿದಳು. ಮಗುವಿನ ಮಾತು ಎತ್ತಲಿಲ್ಲ. ಹೊರಡುವಾಗ ನೋಣಯ್ಯನನ್ನು ಕರೆದು, ಮನೆಯ ಕಂಬ ಹೊರಲು ಲೋಕಯ್ಯನನ್ನೂ ಕರೆದುಕೊಂಡು ಒಂದು ದಿನ ಕೆಳಗೆ ಬಾ ಎಂದಳು. ಯಾವ ಮನೆ ಎಂದು ಕೇಳಿದರೆ, ನನ್ನದೇ, ಹೊಳೆಯ ಈಚೆಗೆ ತರುತ್ತೇನೆ, ಎಂದಳು.

ಅದು ಸುಲಭದ ಮಾತಾಗಿರಲಿಲ್ಲ. ಬೆಳ್ತಂಗಡಿಯಲ್ಲಿ ಅಂಗಡಿ ಇಟ್ಟಿದ್ದ ಅವಳ ತಮ್ಮ ಉಮ್ಮರ್ ಬಂದು ಜಗಳವಾಡಿದ. ಮಸೀದಿ ಆಚೆ, ನಮ್ಮವರೆಲ್ಲ ಆಚೆ, ಮಳೆಗಾಲದಲ್ಲಿ ಹೊಳೆ ತುಂಬಿದರೆ ನಿನಗೆ ಒಂದು ತೊಟ್ಟು ನೀರು ಕೊಡುವವರಿಲ್ಲ, ಕಾಡಿನ ಬದಿಯಲ್ಲಿ ಒಂಟಿ ಹೆಂಗಸು ಎಂದರೆ ಜನ ಏನನ್ನುತ್ತಾರೆ, ಎಂದೆಲ್ಲ ಹೇಳಿದ. ನಮ್ಮನ್ನು ಹುಟ್ಟಿಸಿದ ದೇವರು ಹೊಳೆಯ ಒಂದೇ ದಡದಲ್ಲಿ ಇರುತ್ತಾನಾ ಎಂದು ಇವಳು ಕೇಳಿದಳಂತೆ. ಉಮ್ಮರ್ ಸಿಟ್ಟು ಮಾಡಿಕೊಂಡು ಹೋದ. ಕೆಲವು ತಿಂಗಳು ಅಂಗಡಿಯ ಸಾಮಾನನ್ನೂ ಕಳಿಸಲಿಲ್ಲ. ಜಾಗ ಮೂಡುಬಿದಿರೆ ಕಡೆಯ ಜೈನ ಧಣಿಗಳದ್ದು. ಅವರ ಮನೆಯ ಹಲವು ಹೆರಿಗೆಗಳಲ್ಲಿ ಖತೀಜಮ್ಮನ ಅತ್ತೆಯ ಕೈ ಇದ್ದುದರಿಂದ, ಕಟ್ಟಿಕೋ ಎಂದರು. ನೋಣಯ್ಯನೂ ಲೋಕಯ್ಯನೂ ಕಂಬ, ಪಕಾಸು, ಬಾಗಿಲು ಎಲ್ಲವನ್ನೂ ಸಂಕದ ಮೇಲೆ ಹೊತ್ತು ತಂದರು. ಹುಲ್ಲು ಗುಡ್ಡದ್ದೇ. ಗುಡ್ಡದಿಂದ ಇಳಿಯುವ ದಾರಿ ಈಗ ನೇರ ಅವಳ ಅಂಗಳಕ್ಕೇ ಬರುತ್ತಿತ್ತು. ಹೊಳೆ ತುಂಬಿದರೂ ಗುಡ್ಡದವರಿಗೆ ಅವಳು ಸಿಗುತ್ತಿದ್ದಳು; ಆ ದಿನಗಳಲ್ಲಿ ಅವಳಿಗೆ ಅವಳ ಜನ ಸಿಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ ವಿನೋದಾ ಮತ್ತೆ ಬಸುರಿಯಾದಳು. ಈ ಸಲವೂ ದಿನ ತುಂಬುವುದು ಮಳೆಗಾಲಕ್ಕೇ. ತಿಂಗಳಾಗುತ್ತ ಬಂದ ಹಾಗೆ ನೋಣಯ್ಯ ಒಂದನ್ನು ಗಮನಿಸಿದ. ಕಣಿವೆಯಾಚೆಯಿಂದ ಯಾರಾದರೂ ಕೂ ಹಾಕಿದರೆ ಸಾಕು, ವಿನೋದಾ ಮಾಡುತ್ತಿದ್ದ ಕೆಲಸ ಬಿಟ್ಟು ಮರಗಟ್ಟಿದಂತೆ ನಿಲ್ಲುತ್ತಿದ್ದಳು. ಒಂದಾದ ಮೇಲೆ ಎರಡಾಗುತ್ತದೋ, ಎರಡಾದ ಮೇಲೆ ಮೂರಾಗುತ್ತದೋ ಎಂದು ಉಸಿರು ಹಿಡಿದುಕೊಳ್ಳುತ್ತಿದ್ದಳು. ಕರೆ ನಿಂತು ಬಹಳ ಹೊತ್ತಾದ ಮೇಲೂ ಬಿಟ್ಟ ಕೆಲಸಕ್ಕೆ ಮರಳುತ್ತಿರಲಿಲ್ಲ. ಖತೀಜಮ್ಮ ಅದನ್ನು ನೋಡಿದಳು. ಈ ಸಲ ಮಗು ನೆಟ್ಟಗೇ ಉಂಟು, ಅದರ ಭಯ ನನಗಿಲ್ಲ, ನೋವು ಬಂದಾಗ ಇವಳು ಹೀಗೆ ಬಿಗಿಹಿಡಿದರೆ ಕಷ್ಟ ಎಂದು ನೋಣಯ್ಯನಿಗೆ ಹೇಳಿದಳು. ತಾನು ಕೆಳಗೆ ಹೋಗುವುದಿಲ್ಲ, ಹೆರಿಗೆಯಾಗುವ ತನಕ ಇಲ್ಲೇ ಜಗಲಿಯಲ್ಲಿ ಮಲಗುತ್ತೇನೆ ಎಂದಳು.

ನೋಣಯ್ಯ ಆ ದಿನವೇ ಹೊರಟ. ಎಲ್ಯಮಲೆಯ ಪ್ರತಿ ಮನೆಗೂ ಕಣಿವೆ ಇಳಿದು ಹತ್ತಿ ಹೋದ. ಕೇಳಿದ್ದು ಒಂದೇ: ವಿನೋದಾಳಿಗೆ ಹೆರಿಗೆಯಾಗುವ ತನಕ ಗುಡ್ಡದಲ್ಲಿ ಯಾರೂ ಕೂ ಹಾಕಬಾರದು. ಒಂದೂ ಬೇಡ. ಯಾರಾದರೂ ಸತ್ತರೂ ಬೇಡ. ಇಂಥ ಮಾತನ್ನು ಅಲ್ಲಿಯವರು ಹಿಂದೆ ಕೇಳಿರಲಿಲ್ಲ. ಒಬ್ಬರು, ಸತ್ತವರಿಗೆ ಕರೆ ಹಾಕದಿದ್ದರೆ ಅವರು ದಾರಿ ಕಾಣದೆ ಅಲೆಯುವುದಿಲ್ಲವಾ ಎಂದರು. ಮೊದಲು ಒಪ್ಪಿದವನು ಲೋಕಯ್ಯ. ಅವನು ಒಪ್ಪಿದ ಮೇಲೆ ಉಳಿದವರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಹಾಗೆ ಗುಡ್ಡ ಮೌನವಾಯಿತು. ದನ ತಪ್ಪಿಸಿಕೊಂಡರೆ ದನದವನು ತಾನೇ ಮನೆಮನೆಗೆ ಹೋಗಿ, ಕಂಡಿರಾ ಎಂದು ಕೇಳಿದ. ಉಪ್ಪು ಮುಗಿದವಳು ಕಣಿವೆ ಇಳಿದು ಹತ್ತಿ ಬಂದು ಕೇಳಿ, ಮತ್ತೆ ಇಳಿದು ಹತ್ತಿ ಹೋದಳು. ಮಳೆಯಲ್ಲಿ ಹುಲ್ಲಿನ ನಡುವೆ ಗೊರಬೆಗಳು ಅತ್ತಿತ್ತ ನಡೆಯುವುದು ಕಾಣುತ್ತಿತ್ತು. ಸದ್ದು ಮಾತ್ರ ನೀರಿನದ್ದು, ಹಕ್ಕಿಯದ್ದು. ಬೈದುಕೊಂಡು ನಡೆದವರೂ ಇದ್ದರು. ನೋಣಯ್ಯನ ಹೆಂಡತಿ ಹೆರುವುದಕ್ಕೆ ನಮ್ಮ ಕಾಲು ಸವೆಯಬೇಕಾ ಎಂದು ಒಬ್ಬಳು ಅಂಗಳದಲ್ಲೇ ನಿಂತು ಹೇಳಿ, ಹೇಳಿದ ಮೇಲೆ ಒಂದು ಹಿಡಿ ಕೆಸುವಿನ ದಂಟು ಕೊಟ್ಟು ಹೋದಳು. ಆ ದಿನಗಳಲ್ಲೇ ಲೋಕಯ್ಯನ ಮುದಿ ಚಿಕ್ಕಪ್ಪ ತೀರಿಕೊಂಡ. ಲೋಕಯ್ಯ ಕೂ ಹಾಕಲಿಲ್ಲ. ಮನೆಮನೆಗೆ ನಡೆದುಹೋಗಿ, ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಹೇಳಿ ಬಂದ. ನೋಣಯ್ಯನ ಮನೆಗೆ ಬಂದಾಗ ಅಂಗಳಕ್ಕೂ ಕಾಲಿಡದೆ, ಹಿತ್ತಿಲ ಬದಿಗೆ ನೋಣಯ್ಯನನ್ನು ಕರೆದು ಹೇಳಿದ.

ವಿನೋದಾಳಿಗೆ ನೋವು ಬಂದದ್ದು ಒಂದು ಬೆಳಗ್ಗೆ. ಮಧ್ಯಾಹ್ನದ ಹೊತ್ತಿಗೆ ಬಲವಾಯಿತು. ನೋಣಯ್ಯ ಹೊರಗೆ ಮಾಡಿನ ನೀರು ಬೀಳುವಲ್ಲಿ ಕೂತು ಕಿವಿ ಕೊಟ್ಟ. ಗುಡ್ಡದ ಯಾವ ಕಡೆಯಿಂದಲೂ ಕರೆ ಇರಲಿಲ್ಲ. ಒಳಗೆ ಖತೀಜಮ್ಮನ ದನಿ ಮಾತ್ರ ಕೇಳುತ್ತಿತ್ತು.

"ಹಗ್ಗ ಹಿಡಿ ಮಗಳೇ. ಅವನು ಹೊರಗೆ ಕೂತಿದ್ದಾನೆ. ಎಲ್ಲಿಗೂ ಹೋಗಿಲ್ಲ."

ಒಂದೆರಡು ಸಲ ಅವಳು ಅವನಿಗೆ ಮಾತಾಡಲು ಹೇಳಿದಳು. ನೋಣಯ್ಯ ಬಾಗಿಲ ಹೊರಗಿನಿಂದ, ಮಳೆ ಸ್ವಲ್ಪ ಕಡಿಮೆಯಾಯಿತು, ಕೆಂಪು ದನ ಬಂತು, ಎಂದು ಹೇಳಿದ. ಒಳಗಿನಿಂದ ವಿನೋದಾ, ಬಂದರೆ ಕಟ್ಟಿ ಎಂದಳು. ಸೇಸಮ್ಮ ನಕ್ಕದ್ದು ಕೇಳಿತು. ಅವಳ ನಗು ಅವನಿಗೆ ಎರಡು ವರ್ಷದಿಂದ ಕೇಳಿಸಿರಲಿಲ್ಲ. ಅವನು ಹೋಗಿ ದನ ಕಟ್ಟಿದ. ಕಟ್ಟಿ ತಿರುಗುವಾಗ ಮಗುವಿನ ಅಳು ಕೇಳಿತು.

ಹೆಣ್ಣು ಮಗು. ಸೇಸಮ್ಮ ಅದನ್ನು ತಂದು ಮಗನಿಗೆ ತೋರಿಸಿ ಒಳಗೆ ಹೋದಳು. ಖತೀಜಮ್ಮ ಅಷ್ಟು ದಿನ ಜಗಲಿಯಲ್ಲಿ ಬಾಳೆಲೆ ಹಾಕಿಕೊಂಡು ಉಣ್ಣುತ್ತಿದ್ದಳು. ಬೇರೆಯವರ ಮನೆಗಳಲ್ಲಿಯೂ ಹಾಗೆಯೇ ಇದ್ದುದರಿಂದ ಅವಳಿಗೆ ಅದು ಹೊಸದಲ್ಲ. ಆ ದಿನವೂ ಎಲೆ ಹಿಡಿದು ಹೊರಗೆ ಬಂದಳು. ಹೊರಗೆ ಎರಚಲು ಹೊಡೆಯುತ್ತದೆ, ಒಳಗೇ ಕೂತುಕೋ ಎಂದು ಸೇಸಮ್ಮ ಹೇಳಿದಳು. ಬೇರೇನೂ ಹೇಳಲಿಲ್ಲ. ಖತೀಜಮ್ಮ ಒಲೆಯ ಹತ್ತಿರ ಕೂತು ಗಂಜಿ ಕುಡಿದು, ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದಳು. ಅವಳನ್ನು ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ.

ಹೆರಿಗೆಯಾಯಿತೆಂದು ಹೇಳಲು ನೋಣಯ್ಯ ಮತ್ತೆ ಮನೆಮನೆಗೆ ನಡೆದ. ಇನ್ನು ಕೂ ಹಾಕಬಹುದು ಎಂದು ಹೇಳಿದ. ಆದರೂ ಆ ಮಳೆಗಾಲದಲ್ಲಿ ಎಲ್ಯಮಲೆಯವರು ಗಂಟಲು ತೆರೆದದ್ದು ಕಡಿಮೆ. ನಡೆದು ಹೋಗಿ ಹೇಳುವುದು ಕೆಲವರಿಗೆ ರೂಢಿಯಾಗಿತ್ತು, ಹೋದಲ್ಲಿ ಒಂದು ಗಳಿಗೆ ಕೂತು ಎಲೆ ಅಡಿಕೆ ಹಾಕುವುದೂ ರೂಢಿಯಾಗಿತ್ತು.

ಮಗುವಿಗೆ ಕುಸುಮ ಎಂದು ಹೆಸರಿಟ್ಟರು. ಅವಳು ಈಗ ಆಚೆಯ ಊರಿನ ಶಾಲೆಗೆ ಹೋಗುತ್ತಾಳೆ. ಅವಳ ಹಿಂದೆ ವಿನೋದಾಳಿಗೆ ಇಬ್ಬರು ಗಂಡುಮಕ್ಕಳಾದರು. ಸೇಸಮ್ಮ ಇಲ್ಲ. ಉಮ್ಮರ್ ಬಹಳ ಹಿಂದೆಯೇ ಸಿಟ್ಟು ಬಿಟ್ಟು, ಅಕ್ಕನನ್ನು ಬೆಳ್ತಂಗಡಿಗೆ ಬಂದು ತನ್ನ ಜೊತೆ ಇರು ಎಂದು ಪ್ರತಿ ಹಬ್ಬಕ್ಕೂ ಕರೆಯುತ್ತಾನೆ. ಅವಳು ಹಬ್ಬ ಮುಗಿಸಿ ಮರಳಿ ಬರುತ್ತಾಳೆ. ಪೇಟೆಯಲ್ಲಿ ಆಸ್ಪತ್ರೆ ಇರುವುದರಿಂದ ಕಷ್ಟದ ಹೆರಿಗೆ ಎಂದು ಕಂಡರೆ ಅವಳೇ ಮುಂಚಿತವಾಗಿ ಹೇಳಿ, ಕುರ್ಚಿಗೆ ಬಿದಿರು ಕಟ್ಟಿಸಿ, ಬಸುರಿಯನ್ನು ಕೆಳಗೆ ಕಳಿಸುತ್ತಾಳೆ. ಮೊಣಕಾಲು ಆಗಾಗ ಬಾತುಕೊಳ್ಳುತ್ತದೆ, ಕಣ್ಣೂ ಮೊದಲಿನಂತಿಲ್ಲ. ಖತೀಜಮ್ಮ ಈಗ ಗುಡ್ಡದ ಬುಡದ ಆ ಮನೆಯಲ್ಲೇ ಇದ್ದು ಬೀಡಿ ಕಟ್ಟುತ್ತಾಳೆ. ವಾರಕ್ಕೊಮ್ಮೆ ಪಿಜಿನಬರೆ ಹತ್ತಿ ಎಲ್ಯಮಲೆಯ ಬಸುರಿಯರನ್ನೂ ಬಾಣಂತಿಯರನ್ನೂ ನೋಡಿ, ಎಣ್ಣೆ ಹಚ್ಚಿ ನೀರು ಹಾಕಿ, ಸಂಜೆಯ ಒಳಗೆ ಇಳಿದು ಬರುತ್ತಾಳೆ.